ಬಾಯ್ನ್ ಕಣಿವೆಯ ಶಿಲಾರೇಖೆಗಳು: ಅರ್ಥವಿಚಾರ

ಐರ್ಲೆಂಡಿನ ಪೂರ್ವಭಾಗದ ಮೀತ್ ಪ್ರಾಂತದಲ್ಲಿ ಬಾಯ್ನ್ ನದಿಯು ಸಮುದ್ರವನ್ನು ಸೇರುವುದಕ್ಕೆ ಕೆಲವು ಮೈಲಿಗಳ ಮುಂಚೆ ತೆಂಕಣಕ್ಕೆ ಬಾಗಿ ಒಂದು ದೊಡ್ಡ ಕೊಂಕನ್ನು ಬಳಸಿ ಹರಿಯುವುದು. ಆ ಕೊಂಕಿನೊಳಗಣ ದಿಣ್ಣೆಗಳ ಮೇಲೆ ನ್ಯೂಗ್ರೇಂಜ್, ನೌತ್, ಡೌತ್ ಎಂಬ ಮೂರು ಮಹಾಸಮಾಧಿಗಳೂ ಅವುಗಳ ಆಸುಪಾಸಿನಲ್ಲಿ ಅನೇಕ ಕಿರುಸಮಾಧಿಗಳೂ ಇರುವುವು. ಲೋಹವನ್ನರಿಯದ ನವಶಿಲಾಯುಗದ ಬೇಸಾಯಗಾರರು ಕ್ರಿ. ಪೂ. 3200ರ ಸುಮಾರಿಗೆ ಇವನ್ನು ಕಟ್ಟಿದರು. ಅಂದರೆ ಗೀಜಾ ಕ್ಷೇತ್ರದ ಪಿರಮಿಡ್ಡುಗಳು ತಲೆಯೆತ್ತುವುದಕ್ಕೆ ಸುಮಾರು 600 ವರ್ಷಗಳ ಮುಂಚೆಯೇ ಇವು ನಿಂತಿದ್ದುವು. ಇವುಗಳ ರಚನೆಯ ಕ್ರಮ ಒಂದೇ: ಕಲ್ಲುಮಣ್ಣುಗಳನ್ನು ರಾಶಿಹಾಕಿದ ದೊಡ್ಡ ದಿಬ್ಬ, ದಿಬ್ಬದ ಬುಡವನ್ನು ಸುತ್ತುವರಿದು ಉದ್ದಕ್ಕೆ ಮಲಗಿಸಿದ ಅಂಚುಗಲ್ಲುಗಳ ಸಾಲು, ಆ ಸಾಲಿನ ಒಂದೆಡೆಯಿಂದ ದಿಬ್ಬದ ಹೊಟ್ಟೆಯೊಳಕ್ಕೆ ಸಾಗುವ ಇಕ್ಕಟ್ಟಾದ ಕಲ್ಲಿನ ಓಣಿ, ಓಣಿಯ ಕೊನೆಯಲ್ಲಿ ಸತ್ತವರ ಮೂಳೆಗಳನ್ನೂ ಸುಟ್ಟ ಬೂದಿಯನ್ನೂ ಇರಿಸುತ್ತಿದ್ದ ಗರ್ಭಗೃಹ. ನ್ಯೂಗ್ರೇಂಜಿನ ದಿಬ್ಬದ ಅಡ್ಡಳತೆ ಸುಮಾರು 85 ಮೀಟರು; ಅದರ ಅಂಚುಗಲ್ಲುಗಳು 97; ಓಣಿಯ ಉದ್ದ ಸುಮಾರು 19 ಮೀಟರು. ಗಾರೆಯಿಲ್ಲದೆ, ಒಂದರ ಮೇಲೊಂದು ಕಲ್ಲನ್ನು ಒಳಕ್ಕೆ ಚಾಚಿ ಸುಮಾರು 6 ಮೀಟರು ಎತ್ತರಕ್ಕೆ ಕಟ್ಟಿದ ಅದರ ಒಳಮಾಡು 5000 ವರ್ಷಗಳ ಮಳೆಯನ್ನು ತಡೆದು ಇಂದಿಗೂ ಬಿರುಕಿಲ್ಲದೆ ನಿಂತಿದೆ. ನೌತಿನ ದಿಬ್ಬದೊಳಗೆ ಇಂತಹ ಓಣಿಗಳು ಎರಡು, ಒಂದಕ್ಕೊಂದು ಬೆನ್ನುಮಾಡಿಕೊಂಡಂತೆ, ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಇವೆ.

ಈ ಕಲ್ಲುಗಳ ಮೇಲೆ ರೇಖೆಗಳಿವೆ. ನೌತೊಂದರಲ್ಲಿಯೇ ರೇಖೆಗಳುಳ್ಳ ಕಲ್ಲುಗಳು 200ಕ್ಕೂ ಹೆಚ್ಚು. ಉಕ್ಕಿನ ಉಳಿಯಿಲ್ಲದ ಕಾಲವಾದುದರಿಂದ ಚಕಮಕಿಯ ಅಥವಾ ಬೆಣಚಿನ ಮೊನೆಯನ್ನು ಕಲ್ಲಿಗೆ ಒತ್ತಿ ಹಿಂದಿನಿಂದ ಬಡಿದು, ಚುಕ್ಕಿಯ ಪಕ್ಕಕ್ಕೆ ಚುಕ್ಕಿಯನ್ನು ಕೂಡಿಸುತ್ತ ಗೆರೆಯನ್ನು ಎಳೆದಿದ್ದಾರೆ. ಕೆಲವೆಡೆ ಮೊನೆಯಿಂದ ನೇರವಾಗಿ ಗೀಚಿದ ಸಣ್ಣ ಗೆರೆಗಳೂ ಉಂಟು. ಆಕೃತಿಗಳ ಸಂಖ್ಯೆ ಅಲ್ಪ. ಸುರುಳಿ, ಒಂದರೊಳಗೊಂದು ಕೂಡಿದ ವೃತ್ತಗಳು, ನಡುವೆ ಚುಕ್ಕಿಯುಳ್ಳ ವೃತ್ತ, ಕಿರಣಗಳುಳ್ಳ ವೃತ್ತ, ಅರ್ಧಚಂದ್ರದಂತೆ ಬಾಗಿದ ಗೆರೆ, ಅಂಕುಡೊಂಕು ಗೆರೆ, ಹಾವಿನಂತೆ ಹರಿಯುವ ಗೆರೆ, ತ್ರಿಕೋಣ, ವಜ್ರಾಕೃತಿ: ಇಷ್ಟರಲ್ಲಿಯೇ ಬಹುಮಟ್ಟಿಗೆ ಇಡೀ ಭಂಡಾರವು ಮುಗಿಯುವುದು. ಮನುಷ್ಯನಾಗಲಿ ಮೃಗವಾಗಲಿ ಗಿಡಮರಗಳಾಗಲಿ ಸಂದೇಹಕ್ಕೆಡೆಯಿಲ್ಲದಂತೆ ಎಲ್ಲಿಯೂ ಕಾಣಿಸವು. ವಿಮರ್ಶಕನ ಕಷ್ಟವು ಇಲ್ಲಿಂದಲೇ ಮೊದಲಾಗುವುದು. ಅಜ್ಞಾತ ಲಿಪಿಯಲ್ಲಿ ಬರೆದ ಶಾಸನವು ಕೈಗೆ ಬಂದರೆ ಅದು ಒಂದು ಭಾಷೆಯನ್ನು ಹಿಡಿದಿಟ್ಟಿದೆಯೆಂಬ ಭರವಸೆಯಾದರೂ ಇರುತ್ತದೆ. ಈ ರೇಖೆಗಳ ವಿಷಯದಲ್ಲಿ ಆ ಭರವಸೆಯೂ ಇಲ್ಲ. ಕಟ್ಟಿದವರ ಮಾತಿನ ಒಂದು ಪದವೂ ಉಳಿದಿಲ್ಲ. ಹೀಗಿದ್ದರೂ 300 ವರ್ಷಗಳಿಂದ ಇವುಗಳನ್ನು ಓದುವ ಪ್ರಯತ್ನವು ನಡೆದೇ ಇದೆ. ಆ ಓದುಗಳನ್ನು ಪರೀಕ್ಷಿಸುವುದೂ, ಅವು ಯಾವ ಎಡೆಯಲ್ಲಿ ಕಲ್ಲನ್ನು ಬಿಟ್ಟು ಕಲ್ಪನೆಯನ್ನು ಹಿಡಿದುವೆಂಬುದನ್ನು ತೋರುವುದೂ ಈ ಲೇಖನದ ಉದ್ದೇಶ.

1699ರಲ್ಲಿ ನ್ಯೂಗ್ರೇಂಜಿನ ಜಮೀನುದಾರನ ಆಳುಗಳು ದಾರಿಗೆ ಬೇಕಾದ ಕಲ್ಲನ್ನು ದಿಬ್ಬದಿಂದ ಕೀಳುತ್ತಿರುವಾಗ ಓಣಿಯ ಬಾಯಿ ಕಾಣಿಸಿತು. ಅದೇ ವರ್ಷ ವೇಲ್ಸ್ ದೇಶದ ವಿದ್ವಾಂಸನಾದ ಎಡ್ವರ್ಡ್ ಲೂಯಿಡನು ಅಲ್ಲಿಗೆ ಬಂದು ಒಳಹೊಕ್ಕು ನೋಡಿ ಪತ್ರಗಳಲ್ಲಿ ವರ್ಣಿಸಿದನು. ಲೂಯಿಡನು ಕೆತ್ತನೆಯನ್ನು ಅನಾಗರಿಕವೆಂದು ಬಗೆದನಾದರೂ ಕಂಡುದನ್ನು ಕಂಡಂತೆ ಬರೆದನು. ಇದು ಸಣ್ಣ ಗುಣವಲ್ಲ. ಆತನ ತರುವಾಯ ಬಂದವರಲ್ಲಿ ಈ ಸಂಯಮ ಉಳಿಯಲಿಲ್ಲ. 18ನೆಯ ಶತಮಾನದ ವ್ಯಾಲನ್ಸಿಯು ಐರಿಷ್ ಭಾಷೆಗೂ ಫಿನೀಷಿಯನ್ನರ ಭಾಷೆಗೂ ನಂಟನ್ನು ಕಲ್ಪಿಸಿದವನು. ಇಂತಹವರಿಗೆ ಪಶ್ಚಿಮ ಸಮುದ್ರದ ದಡದ ಯಾವ ಹಳೆಯ ಗುರುತೂ ಪೂರ್ವದೇಶದಿಂದಲೇ ಬಂದಿರಬೇಕಾಗಿತ್ತು. ನ್ಯೂಗ್ರೇಂಜಿಗೆ ಪಶ್ಚಿಮದಲ್ಲಿರುವ ಲಾಕ್ರೂ ಬೆಟ್ಟಸಾಲಿನ ಸಮಾಧಿಗಳನ್ನು 1863ರಲ್ಲಿ ಕಂಡು ಶೋಧಿಸಿದ ಯೂಜೀನ್ ಕಾನ್ವೆಲ್ ಎಂಬಾತನು ಶಾಲೆಗಳ ತನಿಖಾಧಿಕಾರಿ. ತನ್ನ ಬಿಡುವಿನ ವೇಳೆಯಲ್ಲಿ ಶ್ರಮವಹಿಸಿ ದುಡಿದ ಈತನ ಬಗ್ಗೆ ಗೌರವ ಸಲ್ಲಬೇಕು. ಆದರೆ 1873ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅಲ್ಲಿಯ ಮುಖ್ಯ ಸಮಾಧಿಯು ಐರಿಷ್ ಪುರಾಣಗಳ ಧರ್ಮಶಾಸ್ತ್ರಕರ್ತನಾದ ಓಲವ್ ಫೋಲಾ ರಾಜನದೆಂದು ಆತನು ಸಾಧಿಸಹೊರಟನು. ಕಲ್ಲಿಗೆ ಹೆಸರು ಬೇಕಾಗಿತ್ತು, ಪುರಾಣದಲ್ಲಿ ಹೆಸರಿಗೆ ಸಮಾಧಿ ಬೇಕಾಗಿತ್ತು, ಎರಡನ್ನೂ ಕೂಡಿಸಿದ್ದಾಯಿತು.

ಜಾರ್ಜ್ ಕಾಫಿಯ ಗ್ರಂಥವು 1912ರಲ್ಲಿ ಹೊರಬಂದಿತು. ಇದು ಹಿಂದಣವುಗಳಿಗಿಂತ ಬಹಳ ಮೇಲಾದ ಕೃತಿ. ರೇಖೆಗಳನ್ನು ಒಂದೊಂದಾಗಿ ನೋಡಿ, ಚಿತ್ರಗಳನ್ನು ಕೊಟ್ಟು, ಇತರ ದೇಶಗಳ ಆಕೃತಿಗಳೊಡನೆ ಹೋಲಿಸಿದ ಗಂಭೀರ ವಿದ್ವತ್ತು ಅದರಲ್ಲಿದೆ. ಹಾಗಿದ್ದೂ ಅದರ ಮುಖ್ಯ ಸಿದ್ಧಾಂತ ನಿಲ್ಲಲಿಲ್ಲ. ಸುರುಳಿಯು ಈಜಿಯನ್ ಸಮುದ್ರದ ನಾಗರಿಕತೆಯಲ್ಲಿ ಹುಟ್ಟಿ, ಸ್ಕಾಂಡಿನೇವಿಯದ ಮಾರ್ಗವಾಗಿ ಐರ್ಲೆಂಡಿಗೆ ಬಂದಿತೆಂಬುದು ಕಾಫಿಯ ಮತ. ಮುಂದೆ ನ್ಯೂಗ್ರೇಂಜಿನ ಓಣಿಯ ಮುಚ್ಚುಗಲ್ಲುಗಳ ಸಂದಿಗೆ ನೀರಿಳಿಯದಂತೆ ಮೆತ್ತಿದ್ದ ಸುಟ್ಟ ಮಣ್ಣಿನಿಂದ ತೆಗೆದ ಇದ್ದಲನ್ನು ಇಂಗಾಲಮಾನದಿಂದ ಅಳೆದಾಗ, ಮೈಸೀನೆಯ ಗೋರಿಗಳಿಗಿಂತ ಈ ಸಮಾಧಿಯೇ 1500 ವರ್ಷಗಳಷ್ಟು ಹಿರಿದೆಂದು ಗೊತ್ತಾಯಿತು. ಮಗನೇ ತಂದೆಗೆ ಹಿರಿಯನಾದನು. ಕಾಫಿಯ ತಪ್ಪು ಅಜಾಗರೂಕತೆಯದಲ್ಲ. ಆಕೃತಿಯ ಸಾಮ್ಯವೊಂದನ್ನೇ ವಂಶವೃಕ್ಷಕ್ಕೆ ಆಧಾರವೆಂದು ಎಣಿಸಿದುದೇ ಆ ತಪ್ಪು. ಸುರುಳಿಯನ್ನು ಎರಡು ಜನಾಂಗಗಳು ಒಂದನ್ನೊಂದು ಅರಿಯದೆಯೇ ಎಳೆಯಬಲ್ಲವು.

ಈ ಸಾಮ್ಯಮೋಹದ ಒಂದು ಕವಲು ಕನ್ನಡ ನಾಡನ್ನೂ ಮುಟ್ಟಿದೆಯೆಂಬುದನ್ನು ಇಲ್ಲಿ ನೆನೆಯಬಹುದು. ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರನು ಆ ಸೀಮೆಯಲ್ಲಿಯೂ ಜೇವರ್ಗಿಯ ಬಳಿಯಲ್ಲಿಯೂ ಇದ್ದ ಬೃಹಚ್ಛಿಲಾ ಸಮಾಧಿಗಳನ್ನು ಅಗೆಸಿ, ತನ್ನ ವರದಿಯನ್ನು 1860ರ ದಶಕದಲ್ಲಿ ಡಬ್ಲಿನ್ ನಗರದ ರಾಯಲ್ ಐರಿಷ್ ಅಕಾಡೆಮಿಯ ಪತ್ರಿಕೆಯಲ್ಲಿಯೇ ಪ್ರಕಟಿಸಿದನು. ಆ ವರದಿಯ ಶೀರ್ಷಿಕೆಯಲ್ಲಿಯೇ ದಖ್ಖಣದ ಕಲ್ಗೋರಿಗಳನ್ನು ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್ ಜನರ ಸ್ಮಾರಕಗಳೆಂದು ಕರೆಯಲಾಗಿದೆ. ಟೇಲರನ ಅಗೆತದ ನಕ್ಷೆಗಳು ಆ ಕಾಲಕ್ಕೆ ಅಪೂರ್ವವಾದುವು. ಇಂದಿಗೂ ಅವುಗಳಿಗೆ ಬೆಲೆಯುಂಟು. ಶೀರ್ಷಿಕೆಯ ಮಾತು ಮಾತ್ರ ಬಿದ್ದುಹೋಯಿತು. ದಖ್ಖಣದ ಆ ಸಮಾಧಿಗಳು ಕಬ್ಬಿಣವನ್ನು ಬಲ್ಲವರವು; ಬಾಯ್ನ್ ಕಣಿವೆಯ ದಿಬ್ಬಗಳಿಗೂ ಅವುಗಳಿಗೂ ನಡುವೆ ಕಡಮೆಯೆಂದರೂ 2000 ವರ್ಷಗಳ ಅಂತರವಿದೆ. ಬಳ್ಳಾರಿಯ ಹತ್ತಿರ ಕುಪ್ಪಗಲ್ಲಿನ ಗುಡ್ಡದಲ್ಲಿ ನವಶಿಲಾಯುಗದವರು ಕರಿಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳನ್ನು ತಂದು ಐರಿಷ್ ಸುರುಳಿಗಳ ಪಕ್ಕದಲ್ಲಿಟ್ಟರೆ ಕಾಣುವುದು ಕೈಕೆಲಸದ ಹೋಲಿಕೆಯೇ ಹೊರತು ಸಂಬಂಧವಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟುವವರ ಕೈಗಳು ಎಲ್ಲಿದ್ದರೂ ಒಂದೇ ಬಗೆಯಾಗಿ ಆಡುವುವು.

20ನೆಯ ಶತಮಾನದಲ್ಲಿ ವಲಸೆಯ ವಾದಗಳು ಹಿಂದೆಗೆದು ಅರ್ಥದ ವಾದಗಳು ಮುಂದೆ ಬಂದುವು. ಫ್ರಾನ್ಸಿನ ಹೆಸರಾಂತ ಪಂಡಿತನಾದ ಬ್ರೋಯ್ ಎಂಬ ಪಾದ್ರಿಯು ಈ ರೇಖೆಗಳಲ್ಲಿ ಶಿಥಿಲವಾದ ಮನುಷ್ಯಮುಖಗಳನ್ನು ಕಂಡನು. ಕ್ರಾಫರ್ಡನು 1957ರಲ್ಲಿ ಬರೆದ ಗ್ರಂಥದಲ್ಲಿ ಜೋಡಿ ವೃತ್ತಗಳೆಲ್ಲ ಒಬ್ಬ ನೇತ್ರದೇವತೆಯ ಕಣ್ಣುಗಳಾದುವು. ಆ ದೇವತೆಯು ಪೂರ್ವದಿಂದ ಪಶ್ಚಿಮದವರೆಗೆ ಸಂಚರಿಸಿದಳು. ಗಿಂಬುಟಾಸರ 1989ರ ಗ್ರಂಥವು ಇನ್ನೂ ಮುಂದೆ ಹೋಗಿ, ಸುರುಳಿ, ಅಂಕುಡೊಂಕು, ವಜ್ರಾಕೃತಿಗಳನ್ನು ಮಹಾಮಾತೆಯ ಭಾಷೆಯೆಂದೇ ಕರೆದು, ಒಂದೊಂದು ಆಕೃತಿಗೂ ಒಂದೊಂದು ಅರ್ಥವನ್ನು ನಿಯಮಿಸಿತು. ಅಂಕುಡೊಂಕು ನೀರಾಯಿತು, ತ್ರಿಕೋಣ ಯೋನಿಯಾಯಿತು, ಸುರುಳಿ ಮರುಹುಟ್ಟಾಯಿತು. ಇಂತಹ ನಿಘಂಟಿನಲ್ಲಿ ಒಂದು ಅನುಕೂಲವುಂಟು. ಅದು ಎಂದಿಗೂ ಸೋಲದು. ಏಕೆಂದರೆ ಅದನ್ನು ಅಲ್ಲಗಳೆಯಬಲ್ಲ ಕಲ್ಲು ಯಾವುದೂ ಇರಲಾರದು. ಅದೇ ಅದರ ಪರಮ ದೋಷವೂ ಹೌದು. ಚಿತ್ರಕಾವ್ಯದ ಗೋಮೂತ್ರಿಕಾಬಂಧವನ್ನು ಕಂಡು, ಪದ್ಯವನ್ನೋದದೆ, ಗೋವೆಲ್ಲಿಯೆಂದು ಹುಡುಕುವವನನ್ನು ಕಾವ್ಯಜ್ಞನೆಂದು ಯಾರೂ ಕರೆಯರು.

ಸೂರ್ಯವಾದಕ್ಕೆ ಇದಕ್ಕಿಂತ ದೃಢವಾದ ನೆಲೆಯಿದೆ. 1962ರಿಂದ 1975ರ ವರೆಗೆ ನ್ಯೂಗ್ರೇಂಜನ್ನು ಅಗೆಸಿದ ಓಕೆಲಿಯವರು ಓಣಿಯ ಬಾಗಿಲ ಮೇಲ್ಭಾಗದಲ್ಲಿ ಕಲ್ಲಿನಿಂದ ರಚಿಸಿದ ಒಂದು ಗವಾಕ್ಷವನ್ನು ಕಂಡರು. ಅದರ ಪ್ರಯೋಜನವೇನೆಂದು ಮೊದಲಿಗೆ ತಿಳಿಯಲಿಲ್ಲ. 1967ನೆಯ ಡಿಸೆಂಬರಿನಲ್ಲಿ, ದಕ್ಷಿಣಾಯನವು ಮುಗಿದು ಹಗಲು ಅತ್ಯಂತ ಕಿರಿದಾಗುವ ದಿನದ ಬೆಳಗಿನಲ್ಲಿ, ಅವರು ಒಳಗೆ ಕತ್ತಲಲ್ಲಿ ಕಾದು ಕುಳಿತರು. ಸೂರ್ಯನು ಎದುರು ದಿಗಂತದಲ್ಲಿ ಮೂಡಿದ ಕೆಲವು ನಿಮಿಷಗಳಿಗೆ ಒಂದು ಎಳೆಯ ಬೆಳಕು ಗವಾಕ್ಷದಿಂದ ತೂರಿ, ಓಣಿಯ ಉದ್ದಕ್ಕೂ ಹರಿದು, ಗರ್ಭಗೃಹದ ನೆಲವನ್ನು ಮುಟ್ಟಿತು. ಆ ಬೆಳಕು ಅಲ್ಲಿ ಸುಮಾರು 17 ನಿಮಿಷ ನಿಲ್ಲುವುದು. ಓಣಿಯ ನೆಲವು ಏರಿರುವುದರಿಂದ ಬಾಗಿಲಿನಿಂದ ಬಂದ ಕಿರಣ ಒಳಮುಟ್ಟಲಾರದು, ಆದುದರಿಂದಲೇ ಗವಾಕ್ಷ. ಇದು ಆಕಸ್ಮಿಕವೆಂದು ಹೇಳಲು ಅವಕಾಶವಿಲ್ಲ. ಲಾಕ್ರೂ ಬೆಟ್ಟದ ಮುಖ್ಯ ಸಮಾಧಿಯಲ್ಲಿಯೂ ಹಗಲಿರುಳು ಸಮನಾಗುವ ದಿನಗಳ ಉದಯಕಿರಣವು ಹಿಂಬದಿಯ ಕೆತ್ತಿದ ಕಲ್ಲಿನ ಮೇಲೆ ಬೀಳುವುದು. ಇಷ್ಟು ಸಾಧಿತವಾದ ಸಂಗತಿ. ಇದರಿಂದ ಮುಂದಕ್ಕೆ ಮಾರ್ಟಿನ್ ಬ್ರೆನನರು 1983ರ ಗ್ರಂಥದಲ್ಲಿ ಹಾರಿದ ಹಾರಿಕೆಯು ಬೇರೆ. ಕಟ್ಟಡವು ಸೂರ್ಯನನ್ನು ನೋಡುತ್ತಿದೆಯೆಂದ ಮೇಲೆ ಕಲ್ಲಿನ ಪ್ರತಿಯೊಂದು ವೃತ್ತವೂ ಸೂರ್ಯನೋ ಚಂದ್ರನೋ ಆಗಲೇಬೇಕೆಂದೂ, ಅಂಕುಡೊಂಕುಗಳೆಲ್ಲ ದಿನಗಳ ಎಣಿಕೆಯೆಂದೂ, ನೌತಿನ ಒಂದು ಅಂಚುಗಲ್ಲು ನೆರಳುಗಡಿಯಾರವೆಂದೂ ಬ್ರೆನನರು ಸಾಧಿಸುತ್ತಾರೆ. ದೇವಾಲಯವು ಪೂರ್ವಾಭಿಮುಖವಾಗಿದೆಯೆಂಬುದರಿಂದ ಅದರ ಕಂಬದ ಮೇಲಣ ಪ್ರತಿಯೊಂದು ತಾವರೆಯೂ ಪಂಚಾಂಗವಾಗಲಾರದು. ನ್ಯೂಗ್ರೇಂಜಿನ ಒಳಗಣ ಪ್ರಸಿದ್ಧವಾದ ಮೂರು ಸುರುಳಿಗಳು ಆ ದಿನದ ನೇರ ಕಿರಣಕ್ಕೆ ಗುರಿಯಾಗದೆ ಒಳಗೂಡಿನ ಪಕ್ಕದ ಕಲ್ಲಿನ ಮೇಲೆ ಮರೆಯಾಗಿ ನಿಂತಿರುವುದನ್ನು ಸೂರ್ಯವಾದಿಗಳು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ.

ಮೂರನೆಯದು ಮನಶ್ಶಾಸ್ತ್ರದ ವಾದ. 1988ರಲ್ಲಿ ಲೂಯಿಸ್ ವಿಲಿಯಮ್ಸ್ ಮತ್ತು ಡೌಸನ್ ಎಂಬ ಇಬ್ಬರು ವಿದ್ವಾಂಸರು, ಮಾದಕದ್ರವ್ಯದಿಂದಲೋ ಉಪವಾಸದಿಂದಲೋ ಕತ್ತಲೆಯಿಂದಲೋ ಪ್ರಜ್ಞೆಯು ಬದಲಾದಾಗ ಯಾವ ದೇಶದ ಮನುಷ್ಯನ ಕಣ್ಣಿಗೂ ಸುರುಳಿ, ಚುಕ್ಕಿ, ಅಂಕುಡೊಂಕು, ಜಾಲರಿಗಳು ತಾವಾಗಿಯೇ ಮೂಡುವುವೆಂದೂ ಶಿಲಾಚಿತ್ರಗಳಲ್ಲಿ ಇರುವುದು ಅವೇ ಎಂದೂ ಪ್ರತಿಪಾದಿಸಿದರು. ಡ್ರಾನ್‌ಫೀಲ್ಡ್ ಎಂಬವರು 1990ರ ದಶಕದಲ್ಲಿ ಐರಿಷ್ ಸಮಾಧಿಗಳ ಆಕೃತಿಗಳನ್ನು ಎಣಿಸಿ ಹೋಲಿಸಿ ಈ ವಾದಕ್ಕೆ ಪರೀಕ್ಷೆಯ ರೂಪವನ್ನು ಕೊಟ್ಟರು. ಪರೀಕ್ಷೆಗೆ ಒಡ್ಡಿಕೊಂಡ ವಾದವೆಂಬುದರಿಂದಲೇ ಇದು ದೇವತಾವಾದಕ್ಕಿಂತ ಗೌರವಾರ್ಹ. ಆದರೆ ವಾದವು ಪೂರ್ಣವಾಗಿ ಗೆದ್ದಿತೆಂದೇ ಒಪ್ಪಿದರೂ ಅದು ತಿಳಿಸುವುದು ಆಕೃತಿ ಎಲ್ಲಿಂದ ಬಂದಿತೆಂಬುದನ್ನು ಮಾತ್ರ. ಅದೇ ಆಕೃತಿಯನ್ನು ಈ ಕಲ್ಲಿನ ಈ ಮೂಲೆಯಲ್ಲಿ ಏತಕ್ಕೆ ಕೆತ್ತಿದರು, ಪಕ್ಕದ ಕಲ್ಲನ್ನು ಏತಕ್ಕೆ ಬರಿದಾಗಿ ಬಿಟ್ಟರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕವಿಯ ಕನಸಿನ ಕಾರಣವನ್ನು ವೈದ್ಯನು ಹೇಳಬಹುದು. ಪದ್ಯದ ವಿಚಾರವು ಆಗಲೂ ಉಳಿದೇ ಇರುವುದು.

ನಿಘಂಟಿನ ಕ್ರಮವು ಎಷ್ಟು ದೂರ ಎಳೆದೊಯ್ಯಬಲ್ಲುದೆಂಬುದಕ್ಕೆ ಬ್ರಿಟನಿಯ ಉದಾಹರಣೆಯು ಸಾಕು. ಫ್ರಾನ್ಸಿನ ಆ ಕರಾವಳಿಯ ಸಮಾಧಿಗಳು ಬಾಯ್ನ್ ಕಣಿವೆಯವುಗಳಿಗಿಂತ ಹಳೆಯವು; ಅಲ್ಲಿಯ ಆಕೃತಿಗಳಲ್ಲಿ ಕೊಡಲಿಯೂ ಬಾಗಿದ ಕೋಲೂ ಹಾವೂ ಗುರುತಿಸುವಷ್ಟು ಸ್ಪಷ್ಟ. ಅವುಗಳ ನಡುವೆ ಒಂದು ವಿಚಿತ್ರ ಆಕೃತಿಯುಂಟು. ಅದನ್ನು ಮೊದಲಿಗೆ ಹಿಡಿಯುಳ್ಳ ಕೊಡಲಿಯೆಂದರು. ಆಮೇಲೆ ಕೊಡಲಿ-ನೇಗಿಲೆಂದು ಹೆಸರಿಟ್ಟರು. ಆ ಮೇಲೆ ಸರ್ಜ್ ಕಾಸೆನ್ ಮತ್ತು ಅಲಸ್ಡೇರ್ ವಿಟಲ್ ಅವರು ಅದನ್ನು ನೀರನ್ನು ಚಿಮ್ಮಿಸುವ ತಿಮಿಂಗಿಲವೆಂದು ತಿರುಗಿಸಿ ಓದಿದರು. ವಿಟಲರು ತಮ್ಮ ಲೇಖನದ ತಲೆಬರಹವನ್ನು ಹ್ಯಾಮ್ಲೆಟ್ ನಾಟಕದ ಮೋಡದ ಪ್ರಸಂಗದಿಂದ ತೆಗೆದುಕೊಂಡಿರುವುದು ಅವರ ವಿನೋದಬುದ್ಧಿಗೆ ಸಾಕ್ಷಿ. ಆ ಪ್ರಸಂಗದಲ್ಲಿ ರಾಜಕುಮಾರನು ಏನೆಂದರೆ ಮುದಿಮಂತ್ರಿಗೆ ಮೋಡವು ಹಾಗೆಯೇ ಕಾಣುವುದಷ್ಟೆ. ತಿಮಿಂಗಿಲದ ಓದು ಕೊಡಲಿಯ ಓದಿಗಿಂತ ಕೀಳೆಂದು ಹೇಳುವಂತಿಲ್ಲ. ಕಡಲ ಬದಿಯಲ್ಲಿ ಬದುಕಿದವರ ಮನಸ್ಸಿಗೆ ಅದೇ ಹತ್ತಿರವಿದ್ದೀತು. ಒಂದೇ ಗೆರೆಯು ಉಳುಮೆಯ ಉಪಕರಣವೂ ಕಡಲ ಪ್ರಾಣಿಯೂ ಆಗಬಲ್ಲುದಾದರೆ ಗೆರೆಯ ಬಾಹ್ಯಾಕಾರದಿಂದ ಅರ್ಥವನ್ನು ಹಿಂಡುವ ಪದ್ಧತಿಯ ಬಲವೆಷ್ಟೆಂಬುದನ್ನು ವಾಚಕರೇ ನಿಶ್ಚಯಿಸಬಹುದು.

ಮೇಲಣ ಮೂರು ವಾದಗಳೂ ಒಂದು ವಿಷಯದಲ್ಲಿ ಒಂದೇ. ಆಕೃತಿಗಳನ್ನು ಕಲ್ಲಿನಿಂದ ಕಿತ್ತು, ಹಾಳೆಯ ಮೇಲೆ ಪಟ್ಟಿಮಾಡಿ, ಪಟ್ಟಿಗೆ ಅರ್ಥವನ್ನು ಹಚ್ಚುವುವು. ಎಲಿಜಬೆತ್ ಷೀ ಟೂಹಿಗರ 1981ರ ಗ್ರಂಥದಂತಹ ಪಟ್ಟಿಗಳಿಲ್ಲದೆ ಈ ಶಾಸ್ತ್ರವು ಒಂದು ಹೆಜ್ಜೆಯನ್ನೂ ಇಡಲಾರದು. ಆದರೆ ಪಟ್ಟಿಯು ಸಾಮಗ್ರಿ, ಪಾಠವಲ್ಲ. ಗ್ರಂಥಸಂಪಾದನೆಯ ಅನುಭವವುಳ್ಳವರು ಇಲ್ಲಿ ಮೊದಲು ಕೇಳುವ ಪ್ರಶ್ನೆಗಳು ಬೇರೆ: ಯಾವ ಗೆರೆ ಮೊದಲು, ಯಾವುದು ಆಮೇಲೆ? ಒಂದೇ ಕೈಯೋ, ಹಲವು ಕೈಗಳೋ? ಇದು ನೋಡುವವರಿಗಾಗಿ ಬರೆದುದೋ, ಅಲ್ಲವೋ? ಈ ಪ್ರಶ್ನೆಗಳಿಗೆ ಕಲ್ಲೇ ಉತ್ತರ ಕೊಡುವುದು.

ಕೊನೆಯ ಪ್ರಶ್ನೆಯ ಉತ್ತರವು ಎಲ್ಲಕ್ಕಿಂತ ವಿಸ್ಮಯಕರ. ಓಕೆಲಿಯವರು ನ್ಯೂಗ್ರೇಂಜಿನ ಓಣಿಯ ಮುಚ್ಚುಗಲ್ಲುಗಳನ್ನೂ ಕೆಲವು ಅಂಚುಗಲ್ಲುಗಳ ಹಿಂಬದಿಯನ್ನೂ ಬಿಚ್ಚಿ ನೋಡಿದಾಗ, ಮಣ್ಣುಕಲ್ಲುಗಳ ಒಳಗೆ ಹೂತುಹೋಗಿ, ಕಟ್ಟಡ ಮುಗಿದ ದಿನದಿಂದ ಯಾವ ಮನುಷ್ಯನ ಕಣ್ಣಿಗೂ ಬೀಳದ ಮುಖಗಳ ಮೇಲೆ ಎಚ್ಚರಿಕೆಯಿಂದ ಕೆತ್ತಿದ ರೇಖೆಗಳು ಕಾಣಿಸಿದುವು. ನೌತಿನಲ್ಲಿ ಜಾರ್ಜ್ ಓಗನರು 1962ರಿಂದ ಮೊದಲುಮಾಡಿ 40 ವರ್ಷಗಳಿಗೂ ಮೇಲ್ಪಟ್ಟು ನಡೆಸಿದ ಅಗೆತದಲ್ಲಿಯೂ ಇಂತಹವು ದೊರೆತುವು. ಅವುಗಳಲ್ಲಿ ಕೆಲವು ಇನ್ನೂ ಹಳೆಯದಾದ ಬೇರೊಂದು ಸಮಾಧಿಯಿಂದ ಕಿತ್ತು ತಂದ ಕಲ್ಲುಗಳೆಂದು ಓಗನರು 1998ರಲ್ಲಿ ವಾದಿಸಿದರು. ಗಾವ್ರಿನಿಸ್ ದ್ವೀಪದ ಸಂಗತಿ ಇದಕ್ಕೂ ಮಿಗಿಲು. ಅದರ ಗರ್ಭಗೃಹದ ಮುಚ್ಚುಗಲ್ಲಿನ ಮೇಲ್ಮೈಯನ್ನು ಲ ರೂ ಎಂಬವರು 1980ರ ದಶಕದ ಮೊದಲಲ್ಲಿ ದಿಬ್ಬವನ್ನು ಅಗೆದು ತೆರೆದಾಗ ನೀಳವಾದ ಕೊಂಬುಗಳುಳ್ಳ ಪ್ರಾಣಿಯ ಚಿತ್ರವು ಕಾಣಿಸಿತು; ಮುರಿದ ಅಂಚಿನಲ್ಲಿ ತುಂಡಾದ ಗೆರೆಗಳು ಸುಮಾರು 4 ಕಿಲೋಮೀಟರು ದೂರದಲ್ಲಿರುವ ಲೋಕ್ಮಾರಿಯಾಕೇರಿನ ಇನ್ನೊಂದು ಸಮಾಧಿಯ ಮುಚ್ಚುಗಲ್ಲಿನ ಅಂಚಿಗೆ ಸರಿಯಾಗಿ ಕೂಡಿಕೊಂಡುವು. ಎರಡೂ ಒಂದೇ ಮಹಾಸ್ತಂಭದ ತುಂಡುಗಳು. ಅದನ್ನು ಕೆಡೆದು, ಒಡೆದು, ಹಂಚಿ, ಚಿತ್ರವನ್ನು ಮೇಲ್ಮುಖವಾಗಿ ಹೂತಿಟ್ಟಿದ್ದರು. ವೀರಗಲ್ಲನ್ನು ಕೆರೆಯ ತೂಬಿಗೆ ಹಾಸಿದುದನ್ನು ಕಂಡ ಶಾಸನಶೋಧಕನು ಅದನ್ನು ಉದಾಸೀನವೆಂದು ಬೈದು ಮುಂದೆ ಹೋದಾನು. ಇಲ್ಲಿ ಉದಾಸೀನವೆಂದು ತೀರ್ಮಾನಿಸಿಬಿಡುವುದು ಸುಲಭವಲ್ಲ. ಅಷ್ಟು ಭಾರದ ಕಲ್ಲನ್ನು ಅಷ್ಟು ದೂರ ಎಳೆಯಲು ಬಹು ಜನರ ಶ್ರಮ ಬೇಕಾಗಿತ್ತು. ಹಳೆಯ ಕಲ್ಲಿನ ಮಹಿಮೆಯನ್ನು ಹೊಸ ಕಟ್ಟಡಕ್ಕೆ ಸೇರಿಸುವ ಉದ್ದೇಶವಿರಬಹುದು, ಹಳೆಯದನ್ನು ಅಡಗಿಸುವ ಉದ್ದೇಶವೂ ಇರಬಹುದು. ಏನೇ ಆಗಲಿ, ಕಾಣದಂತೆ ಹೂತ ಕೆತ್ತನೆಯು ಪ್ರೇಕ್ಷಕರಿಗೆ ಸಂದೇಶವೆಂಬ ಎಲ್ಲ ವಾದಗಳಿಗೂ ತೊಡಕಾಗಿ ನಿಲ್ಲುವುದು. ಕೆಲವು ಕಲ್ಲುಗಳ ಮಟ್ಟಿಗಾದರೂ ಕೆತ್ತುವ ಕ್ರಿಯೆಯೇ ಮುಖ್ಯವಾಗಿದ್ದಿರಬೇಕು.

ಕೈಗಳ ಪ್ರಶ್ನೆಗೆ ಉತ್ತರವನ್ನು ಹುಡುಕಿದವರು ಓಸಲಿವನರು. ನೌತ್ ಮತ್ತು ನ್ಯೂಗ್ರೇಂಜಿನ ಅನೇಕ ನಿಲುಗಲ್ಲುಗಳಲ್ಲಿ ಹಳೆಯ ಆಕೃತಿಗಳ ಮೇಲೆಯೇ ಅಡ್ಡಲಾಗಿ, ಆಕೃತಿಯನ್ನು ಲೆಕ್ಕಿಸದೆ, ಕಲ್ಲಿನ ಉಬ್ಬುತಗ್ಗುಗಳನ್ನು ಅನುಸರಿಸಿ ದೊಡ್ಡ ಚುಕ್ಕಿಗಳ ಪಟ್ಟೆಗಳನ್ನು ಕುಟ್ಟಿರುವುದನ್ನು ಅವರು ಎತ್ತಿ ತೋರಿಸಿದರು. ಮೊದಲಣ ಕೈಗಳಿಗೆ ಕಲ್ಲು ಬರೆಯುವ ಹಲಗೆ. ಅದರ ಮೇಲೆ ವೃತ್ತವೋ ವಜ್ರವೋ ಎಲ್ಲಾದರೂ ಕುಳಿತುಕೊಂಡೀತು. ಆಮೇಲಣ ಕೈಗಳಿಗೆ ಕಲ್ಲು ಒಂದು ದೇಹ. ಅದರ ಅಂಚು, ಉಬ್ಬು, ತಿರುವುಗಳೇ ರಚನೆಯನ್ನು ನಿರ್ಣಯಿಸುವುವು. ಹಿಂದಣ ಪ್ರತಿಕಾರರು ಈ ಚುಕ್ಕಿಪಟ್ಟೆಗಳನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟರು. ಅವರಿಗೆ ಆಕೃತಿ ಬೇಕಾಗಿತ್ತು. ಆಕೃತಿಯನ್ನು ಕೆಡಿಸುವ ಚುಕ್ಕಿಗಳು ಲಿಪಿಕಾರನ ಪ್ರಮಾದದಂತೆ ತೋರಿದುವು. ಪ್ರಮಾದವೆಂದು ಬಿಟ್ಟ ಪಾಠವೇ ಕೊನೆಗೆ ಕೃತಿಯ ಇತಿಹಾಸಕ್ಕೆ ಕೀಲಿಕೈಯಾಗುವುದು ಗ್ರಂಥಸಂಪಾದಕರಿಗೆ ಅಪರಿಚಿತವಾದ ಅನುಭವವಲ್ಲ.

ಈ ಭೇದವನ್ನು ಒಪ್ಪಿದರೆ ಗುಣವಿಚಾರಕ್ಕೂ ಎಡೆಯಾಗುವುದು. ಶಾಸ್ತ್ರಜ್ಞರು ಈ ಮಾತಿಗೆ ಸಾಮಾನ್ಯವಾಗಿ ಹಿಂಜರಿಯುತ್ತಾರೆ: ಕೆತ್ತಿದವರ ರುಚಿಯು ತಿಳಿಯದಿರುವಾಗ ಒಂದು ಕಲ್ಲು ಇನ್ನೊಂದಕ್ಕಿಂತ ಮೇಲೆಂದು ಹೇಳುವ ಅಧಿಕಾರವು ಇಂದಿನವರಿಗೆ ಎಲ್ಲಿಯದೆಂಬುದು ಅವರ ಆಕ್ಷೇಪ. ಆಕ್ಷೇಪವು ನ್ಯಾಯವಾದುದು, ಆದರೆ ಅರ್ಧದ ಮಟ್ಟಿಗೆ. ನ್ಯೂಗ್ರೇಂಜಿನ ಬಾಗಿಲ ಮುಂದಣ ಕಲ್ಲನ್ನು ನೋಡಬೇಕು. 3 ಮೀಟರಿಗೂ ಮೀರಿದ ಉದ್ದದ ಆ ಕಲ್ಲಿನ ನಡುವೆ ಬಾಗಿಲಿಗೆ ನೇರವಾಗಿ ಒಂದು ಲಂಬರೇಖೆಯಿದೆ. ಅದರ ಎಡಬದಿಗೆ ಮೂರು ಸುರುಳಿಗಳು ಒಂದರೊಳಕ್ಕೊಂದು ಹರಿಯುವುವು. ಅವುಗಳಿಂದ ಹೊರಟ ಅಲೆಗಳು ಕಲ್ಲಿನ ಉಬ್ಬಿನ ಮೇಲೇರಿ ಇಳಿದು, ಎರಡು ತುದಿಗಳಲ್ಲಿ ವಜ್ರಾಕೃತಿಗಳಾಗಿ ಒಡೆಯುವುವು. ಎಲ್ಲಿಯೂ ಗೆರೆ ತಡವರಿಸದು. ಎಲ್ಲಿಯೂ ಕಲ್ಲಿನ ಮೈಗೆ ವಿರೋಧವಾಗಿ ಹೋಗದು. ಇದರ ಪಕ್ಕದಲ್ಲಿ, ಅಂಚುಗಲ್ಲೊಂದರ ಮೂಲೆಯಲ್ಲಿ ಮಾತ್ರ ಎರಡು ವೃತ್ತಗಳನ್ನು ಕುಟ್ಟಿ ಬಿಟ್ಟ ಕಲ್ಲನ್ನು ಇಟ್ಟರೆ ಅಂತರವು ಕಾಣದಿರಲಾರದು. ಆ ಅಂತರವನ್ನು ಕಟ್ಟಿದವರೂ ಬಲ್ಲರೆಂಬುದಕ್ಕೆ ಆಧಾರವೂ ಉಂಟು. ಅತ್ಯುತ್ತಮವಾದ ಕೆಲಸವು ಎಲ್ಲೆಂದರಲ್ಲಿ ಸಿಕ್ಕುವುದಿಲ್ಲ. ಒಂದು ಬಾಗಿಲ ಮುಂದಿದೆ. ಅದಕ್ಕೆ ಸರಿಸಾಟಿಯಾದ 52ನೆಯ ಅಂಚುಗಲ್ಲು ದಿಬ್ಬದ ಹಿಂಬದಿಯಲ್ಲಿ, ಬಾಗಿಲಿಗೆ ಬಹುಮಟ್ಟಿಗೆ ಎದುರಾಗಿ ಇದೆ. ಅದರ ನಡುವೆಯೂ ಅಂತಹುದೇ ಲಂಬರೇಖೆಯಿದೆ. ನೌತಿನ ಎರಡು ಬಾಗಿಲುಗಳ ಮುಂದಣ ಕಲ್ಲುಗಳ ನಡುವೆಯೂ ಲಂಬರೇಖೆಗಳಿವೆ. ಒಳ್ಳೆಯ ಕಲ್ಲನ್ನು ಒಳ್ಳೆಯ ಎಡೆಗೆ ಮೀಸಲಿಟ್ಟವರಿಗೆ ಒಳಿತು ಕೆಡುಕುಗಳ ವಿವೇಕವಿರಲಿಲ್ಲವೆನ್ನುವುದು ಸಾಹಸದ ಮಾತು. ಔಚಿತ್ಯವೆಂಬುದನ್ನು ಪ್ರಾಚೀನ ಆಲಂಕಾರಿಕರು ಯಾವುದನ್ನು ಕುರಿತು ಹೇಳಿದರೋ ಅದಕ್ಕೆ ಇದಕ್ಕಿಂತ ಹಳೆಯ ನಿದರ್ಶನಗಳು ವಿರಳ.

ಹೀಗೆ ಅರ್ಥವನ್ನು ಹೇಳದೆಯೂ ಕೆಲವು ಮಾತುಗಳನ್ನು ನಿಸ್ಸಂದೇಹವಾಗಿ ಹೇಳಬಹುದಾಗಿದೆ. ಲಂಬರೇಖೆಯು ಹೊಸ್ತಿಲಿನ ಗುರುತು. ಅದರ ಅರ್ಥವೇನೇ ಇರಲಿ, ಅದರ ಎಡೆ ಅದೇ. ಗವಾಕ್ಷದ ಮೇಲಣ ತೊಲೆಗಲ್ಲಿನ ಮುಖವನ್ನು ಕೆತ್ತಿ ಉಬ್ಬಿಸಿರುವುದರಿಂದ ಬೆಳಕು ಹೊಗುವ ಬಾಯಿಗೂ ಅದೇ ಗೌರವವು ಸಂದಿದೆ. ನೌತಿನ ಪೂರ್ವಸಮಾಧಿಯ ಬಲಗೂಡಿನಲ್ಲಿ ಕೆತ್ತನೆಯಿಂದ ಅಲಂಕೃತವಾದ ಕಲ್ಲಿನ ದೊಡ್ಡ ಬೋಗುಣಿಯಿದೆ. ಅದೇ ಗೂಡಿನ ಬಳಿಯಲ್ಲಿ, ಸುರುಳಿಗಳಿಂದ ತುಂಬಿದ ಚಕಮಕಿಯ ಗದೆಯ ತಲೆಯೊಂದು 1982ರಲ್ಲಿ ದೊರೆಯಿತು. ಹೊಸ್ತಿಲು, ಬೆಳಕಿನ ಬಾಯಿ, ಸತ್ತವರ ಎಡೆ: ಕಟ್ಟಡದಲ್ಲಿ ಒಂದು ಲೋಕವು ಇನ್ನೊಂದಕ್ಕೆ ತಾಗುವ ಸ್ಥಳಗಳಲ್ಲಿ ಕೈಗಳು ಹೆಚ್ಚಾಗಿ ದುಡಿದಿವೆ. ಇದು ನಿಘಂಟಲ್ಲ, ವಾಕ್ಯರಚನೆಯ ಒಂದು ಸೂತ್ರವೆನ್ನಬಹುದು. ಪದಗಳು ತಿಳಿಯದೆಯೂ ವಾಕ್ಯದ ಒತ್ತು ಎಲ್ಲಿದೆಯೆಂದು ಕಿವಿಗೆ ತಿಳಿಯುವುದುಂಟು.

ಅರ್ಥದ ಅತಿಯಾಸೆಯು ಪುಸ್ತಕಗಳಲ್ಲಿ ಮಾತ್ರ ಉಳಿದರೆ ಹಾನಿ ಅಲ್ಪ. ಅದು ಕಟ್ಟಡಕ್ಕೂ ತಗುಲಬಹುದು. ನ್ಯೂಗ್ರೇಂಜಿನ ಬಾಗಿಲ ಎರಡು ಬದಿಗಳಲ್ಲಿ ಇಂದು ಕಾಣುವ ಬಿಳಿಯ ಬೆಣಚುಕಲ್ಲಿನ ಕಡಿದಾದ ಗೋಡೆಯು ಓಕೆಲಿಯವರ ಪುನಾರಚನೆ. ದಿಬ್ಬದ ಮುಂದೆ ಬಿದ್ದಿದ್ದ ಬೆಣಚಿನ ಪದರವು ಕುಸಿದ ಗೋಡೆಯದೆಂದು ತೀರ್ಮಾನಿಸಿ, ಅದನ್ನು ಸಿಮೆಂಟಿನ ಬಲದಿಂದ ಎತ್ತಿ ನಿಲ್ಲಿಸಿದರು. ನೌತಿನಲ್ಲಿ ಅಂತಹುದೇ ಬೆಣಚು ದೊರೆತಾಗ ಓಗನರು ಅದನ್ನು ಬಾಗಿಲ ಮುಂದೆ ನೆಲದ ಮೇಲೆ ಹಾಸಿದ ಹಾಸೆಂದೇ ಬಗೆದು ಹಾಗೆಯೇ ಇರಿಸಿದರು. ಎರಡು ಪಾಠಗಳೂ ಸಾಧ್ಯ. ಆದರೆ ಒಂದು ಪಾಠವನ್ನು ಅಡಿಟಿಪ್ಪಣಿಗೆ ಇಳಿಸಬಹುದು; ಸಿಮೆಂಟಿನಲ್ಲಿ ನಿಲ್ಲಿಸಿದ ಪಾಠಕ್ಕೆ ಪಾಠಾಂತರವನ್ನು ಬರೆಯಲು ಅಂಚೇ ಉಳಿಯದು. 1993ರಲ್ಲಿ ಈ ಕಣಿವೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಗೆ ಬರುವ ಬಹು ಮಂದಿಯ ಮನಸ್ಸಿನಲ್ಲಿ ಉಳಿಯುವ ಮೊದಲಣ ಚಿತ್ರವು ಆ ಬಿಳಿಗೋಡೆಯೇ.

ಪ್ರತಿಕಾರ್ಯದ ವಿಷಯದಲ್ಲಿ ಒಂದು ಮಾತು ಉಳಿದಿದೆ. ವೇಲ್ಸ್ ದೇಶದ ಆಂಗಲ್ಸಿ ದ್ವೀಪದಲ್ಲಿ ಇದೇ ಬಗೆಯ ಬ್ರಿನ್ ಕೆಲ್ಲಿ ದೀ ಎಂಬ ಸಮಾಧಿಯುಂಟು. ಅದನ್ನು ಹೆಂಪ್ ಎಂಬಾತನು 1920ರ ದಶಕದ ಕೊನೆಯಲ್ಲಿ ಅಗೆಸುವಾಗ, ಗರ್ಭಗೃಹದ ಹಿಂದೆ ನೆಲದೊಳಗೆ ಹೂತಿದ್ದ ಒಂದು ಕಲ್ಲು ಸಿಕ್ಕಿತು. ಒಂದು ಅವಿಚ್ಛಿನ್ನವಾದ ಗೆರೆಯು ಅದರ ಒಂದು ಮುಖದ ಮೇಲೆ ಸುತ್ತಿ ಸುಳಿದು, ತಲೆಯನ್ನು ಹತ್ತಿ ದಾಟಿ, ಇನ್ನೊಂದು ಮುಖದ ಮೇಲೆ ಇಳಿದುಹೋಗುವುದು. ಮುದ್ರಿತ ಗ್ರಂಥಗಳಲ್ಲಿ ಈ ಕಲ್ಲನ್ನು ವಾಡಿಕೆಯಾಗಿ ಎರಡು ಚಿತ್ರಗಳಾಗಿ, ಮುಂಬದಿ ಹಿಂಬದಿಯೆಂದು ಪಕ್ಕಪಕ್ಕದಲ್ಲಿ ಅಚ್ಚುಹಾಕುವರು. ಗೆರೆಯು ತಲೆಯನ್ನು ದಾಟುವ ಗೇಣುದ್ದದ ಭಾಗವು ಆ ಎರಡು ಚಿತ್ರಗಳ ನಡುವಣ ಬಿಳಿಜಾಗದಲ್ಲಿ ಕಳೆದುಹೋಗುವುದು. ಮೂಲಶಿಲೆಯು ಕಾರ್ಡಿಫಿನ ವಸ್ತುಸಂಗ್ರಹಾಲಯದಲ್ಲಿದೆ. ಸಮಾಧಿಯ ಬಳಿಯಲ್ಲಿ ಅದರ ಪ್ರತಿಕೃತಿಯನ್ನು ನೆಟ್ಟಿರುವರು. ಬಯಲಿನಲ್ಲಿ ನಿಂತಿರುವುದರಿಂದ ಆ ಪ್ರತಿಕೃತಿಯನ್ನಾದರೂ ಸುತ್ತಿ ಬಂದು ನೋಡಬಹುದು.